ಬಂದಷ್ಟಕ್ಕೆ ಸಹಿ

ಅಲ್ ನಹ್ದಾ, ದುಬೈ
9 ಫೆಬ್ರವರಿ 2025

ಪ್ರೀತಿಯ ಶೆರಿಲ್,

ಈ ಕಾಗದ ತಂದುಕೊಟ್ಟವನು ನಮ್ಮ ಕೆಳಗಿನ ಮಹಡಿಯ ಅಬ್ಬಾಸ್. ಬೇಕರಿಯ ವ್ಯಾನ್ ಓಡಿಸುತ್ತಾನೆ. ವಾರಕ್ಕೆ ಮೂರು ಸಲ ಅಬುಧಾಬಿಗೆ ಬನ್ನು, ರಸ್ಕು ತೆಗೆದುಕೊಂಡು ಬರುತ್ತಾನೆ. ನಿಮ್ಮ ಟೂರಿಸ್ಟ್ ಕ್ಲಬ್ ಏರಿಯಾದಲ್ಲೇ ಎರಡು ಅಂಗಡಿಗಳಿಗೆ ಅವನು ಮಾಲು ಹಾಕುವುದು ಅಂತ ಗೊತ್ತಾದ ದಿನವೇ ನನಗೆ ಈ ಯೋಚನೆ ಹೊಳೆಯಿತು. ಅವನಿಗೆ ಒಂದು ಚಹಾ ಕೊಡು. ಸಕ್ಕರೆ ಹಾಕಬೇಡ.

ಫೋನ್ ಇರುವಾಗ ಪಪ್ಪ ಯಾಕೆ ಕಾಗದ ಬರೆದ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಮ್ಮ ಮಾತು ಊಟ ಆಯಿತಾ, ಆಯಿತು, ಅಳಿಯ ಶರ್ವಿನ್ ಹೇಗಿದ್ದಾನೆ, ಚೆನ್ನಾಗಿದ್ದಾನೆ, ಅಷ್ಟಕ್ಕೇ ಮುಗಿಯುತ್ತದೆ. ಒಂದು ವರ್ಷ ಮೇಲಾಯಿತು ಹೀಗೆ. ಅದೂ ಅಲ್ಲದೆ ಫೋನಿನಲ್ಲಿ ಕೊಂಕಣಿ. ಕೊಂಕಣಿಯಲ್ಲಿ ಜಗಳಕ್ಕೆ ನಿಂತರೆ ನಿನ್ನನ್ನು ಗೆಲ್ಲಲು ನನ್ನಿಂದಾಗುವುದಿಲ್ಲ. ಕನ್ನಡ ಇಬ್ಬರಿಗೂ ಶಾಲೆಯ ಭಾಷೆ, ಬರೆಯುವಾಗ ಸ್ವಲ್ಪ ಬೆನ್ನು ನೆಟ್ಟಗೆ ಮಾಡಿ ಕೂರುತ್ತೇವೆ. ನಾನು ಇಲ್ಲಿ ಒಬ್ಬನೇ ಇದ್ದ ಹದಿನಾಲ್ಕು ವರ್ಷ ನಿನಗೂ ಮಮ್ಮಿಗೂ ಬರೆದದ್ದೆಲ್ಲ ಕನ್ನಡದಲ್ಲಿ. ಆಗ ನಾವು ಒಳ್ಳೆಯ ಸ್ನೇಹಿತರಾಗಿದ್ದೆವು.

ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆಯಲ್ಲಿ ಭಕ್ತರ ಚೀಟಿ ಓದುವ ಕೆಲಸ ಈಗಲೂ ನನ್ನದೇ. ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರದಲ್ಲಿ ಬಂದದ್ದನ್ನೆಲ್ಲ ಫಾದರ್ ನನ್ನ ಕೈಗೆ ಕೊಡುತ್ತಾರೆ. ಬೇಡಿಕೆಯ ಚೀಟಿ ಒಂದು ಹಿಡಿ ಇರುತ್ತದೆ, ವಂದನೆಯದ್ದು ಎರಡೋ ಮೂರೋ. ಕೆಲಸ ಸಿಗಲಿ, ವೀಸಾ ಸಿಗಲಿ, ಮಗ ಮಾತು ಕೇಳಲಿ. ಸಿಕ್ಕಿದ ಮೇಲೆ ಬಂದು ವಂದನೆ ಬರೆದು ಹಾಕುವವರು ಕಡಿಮೆ. ಇದನ್ನು ಕಂಡು ಕಂಡೇ ಇರಬೇಕು, ವಂದನೆ ಹೇಳುವುದರಲ್ಲಿ ನಾನು ಯಾವಾಗಲೂ ಸ್ವಲ್ಪ ಅವಸರದ ಮನುಷ್ಯ.

ವಿಷಯಕ್ಕೆ ಬರುತ್ತೇನೆ. ಹೋದ ವರ್ಷದ ಹಿಂದಿನ ಅಕ್ಟೋಬರಿನಲ್ಲಿ, ನೀನು ಹತ್ತು ವಾರದ ಬಸುರಿ ಅಂತ ಹೇಳಿದ ವಾರವೇ, ನಾನು ವಂದನೆಯ ಚೀಟಿ ಬರೆದು, ನಾನೇ ಪೆಟ್ಟಿಗೆಗೆ ಹಾಕಿ, ನಾನೇ ಓದಿದೆ. ಹೆಸರು ಹಾಕಿರಲಿಲ್ಲ. ನನ್ನ ಮುಖ ನೋಡಿಯೇ ಎಲ್ಲರಿಗೂ ತಿಳಿಯಿತು, ಚಪ್ಪಾಳೆ ತಟ್ಟಿದರು. ಏಳು ವಾರದ ಮೇಲೆ ಮಗು ಉಳಿಯಲಿಲ್ಲ. ನೀನು ಅಂದಿನಿಂದ ಚರ್ಚಿಗೆ ಹೋಗಿಲ್ಲ, ಒಂದು ಸಲ ಬಿಟ್ಟರೆ ನನ್ನ ಮನೆಗೆ ಬಂದಿಲ್ಲ.

ದೇವರಿಗೆ ವಂದನೆ ಹೇಳಿದ್ದು ಹೇಗೆ ತಪ್ಪಾಗುತ್ತದೆ ಅಂತ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ. ಉಳಿದ ಅರ್ಧವನ್ನು ನೀನು ಹೇಳಬೇಕು.

ನಿನ್ನ ಪಪ್ಪ,
ವಿಕ್ಟರ್ ಪಾಯ್ಸ್


ಅಬುಧಾಬಿ
23 ಫೆಬ್ರವರಿ 2025

ಪಪ್ಪಾ,

ಮಗಳಿಗೆ ಬರೆಯುವಾಗಲೂ ಪೂರ್ತಿ ಹೆಸರು ಹಾಕಿ ಸಹಿ ಮಾಡುವುದು ಜಗತ್ತಿನಲ್ಲಿ ನೀವೊಬ್ಬರೇ ಇರಬೇಕು.

ಉಳಿದ ಅರ್ಧ ಹೇಳುತ್ತೇನೆ. ಅವತ್ತು ಚಪ್ಪಾಳೆ ತಟ್ಟಿದವರಿಗೆ ಆಮೇಲೆ ಯಾರೂ ಏನೂ ಹೇಳಲಿಲ್ಲ. ನೀವು ಹೇಳಲಿಲ್ಲ. ಹಾಗಾಗಿ ನಾನು ಹೇಳಬೇಕಾಯಿತು, ಒಬ್ಬೊಬ್ಬರಿಗೆ, ಸಿಕ್ಕಿದಲ್ಲಿ. ನಿಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಒಬ್ಬರು "ಈಗ ಎಷ್ಟು ತಿಂಗಳು ಮಗಾ" ಅಂತ ಕೇಳಿದರು. ಸೂಪರ್ ಮಾರ್ಕೆಟಿನಲ್ಲಿ ಇನ್ನೊಬ್ಬರು. ಹಮ್ದಾನ್ ಸ್ಟ್ರೀಟಿನಲ್ಲಿ ರಸ್ತೆ ದಾಟುವಾಗ ದುಬೈಯಿಂದ ಬಂದಿದ್ದ ಯಾರೋ ಕಾರು ನಿಲ್ಲಿಸಿ ಕೇಳಿದರು. ಮಾರ್ಚ್ ತಿಂಗಳಲ್ಲಿ ನಿಮ್ಮ ಚರ್ಚಿನ ರೊಸಲಿನ್ ಆಂಟಿ ಹಳದಿ ಉಲ್ಲನ್ನಿನ ಟೋಪಿ ಹೆಣೆದು ಪಾರ್ಸೆಲ್ ಮಾಡಿ ಕಳಿಸಿದರು. ಫೋನ್ ಮಾಡಿ ಹೇಳಿದೆ. ಅವರು ಅತ್ತರು, ನಾನು ಸಮಾಧಾನ ಮಾಡಿದೆ. ಟೋಪಿ ಕಪಾಟಿನಲ್ಲಿದೆ. ಹಿಂದೆ ಕಳಿಸಲಿಕ್ಕೂ ಆಗಲಿಲ್ಲ, ಬಿಸಾಡಲಿಕ್ಕೂ ಆಗಲಿಲ್ಲ.

ಇನ್ನೊಂದು ಮಾತು. ನೀವು ಹೋಟೆಲಿನ ಸ್ಟೋರ್‌ಕೀಪರ್. ಮಾಲು ಇಳಿಸಿ ಎಣಿಸುವ ಮೊದಲು ಡೆಲಿವರಿ ನೋಟಿಗೆ ಸಹಿ ಹಾಕಿದವರನ್ನು ನೀವು ಒಂದು ವಾರ ಬಿಡದೆ ಬೈಯುತ್ತೀರಿ ಅಂತ ಮಮ್ಮಿ ನಗುತ್ತಾ ಹೇಳುತ್ತಾರೆ. ನನ್ನ ವಿಷಯದಲ್ಲಿ ಮಾತ್ರ ಲಾರಿ ಬರುವ ಮೊದಲೇ ಯಾಕೆ ಸಹಿ ಹಾಕಿದಿರಿ?

ಬೆಳಿಗ್ಗೆ ಏಳುವಾಗ ಶಿಲುಬೆಯ ಗುರುತು ಹಾಕಲು ಕೈ ತಾನಾಗಿ ಹಣೆಗೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ ಕೂದಲು ಸರಿಮಾಡಿಕೊಳ್ಳುತ್ತೇನೆ. ನನ್ನ ಪ್ರಾರ್ಥನೆ ಈಗ ಅಷ್ಟು. ಅದರ ಬಗ್ಗೆ ಉಪದೇಶ ಬೇಡ. ಬೇರೆ ಏನಾದರೂ ಬರೆಯಿರಿ, ಓದುತ್ತೇನೆ. ಅಬ್ಬಾಸಣ್ಣನಿಗೆ ಚಹಾ ಕೊಟ್ಟಿದ್ದೇನೆ.

ಶೆರಿಲ್


ಅಲ್ ನಹ್ದಾ
7 ಮಾರ್ಚ್ 2025

ಪ್ರೀತಿಯ ಶೆರಿಲ್,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ರೊಸಲಿನ್ ಟೋಪಿ ಕಳಿಸಿದ್ದು ನನಗೆ ಗೊತ್ತಿರಲಿಲ್ಲ. ಅವಳು ಇವತ್ತಿನವರೆಗೆ ನನ್ನ ಹತ್ತಿರ ಅದನ್ನು ಹೇಳಿಲ್ಲ. ಊರಿನ ಸುದ್ದಿಯೆಲ್ಲ ಅವಳ ಬಾಯಲ್ಲೇ ಅಂತ ನಾನು ಅವಳನ್ನು ಎಷ್ಟು ತಮಾಷೆ ಮಾಡಿದ್ದೇನೆ. ಅವಳು ಬಾಯಿ ಮುಚ್ಚಿಕೊಂಡಿದ್ದಾಳೆ, ತೆರೆದವನು ನಾನು.

ಲಾರಿ ಬರುವ ಮೊದಲು ಸಹಿ ಯಾಕೆ ಹಾಕಿದೆ ಅಂತ ಕೇಳಿದ್ದೀ. ಯಾರ ಹತ್ತಿರವೂ ಹೇಳದ್ದನ್ನು ಹೇಳುತ್ತೇನೆ. ಮೊದಲೇ ಎಲ್ಲರ ಎದುರು ವಂದನೆ ಹೇಳಿಬಿಟ್ಟರೆ ಕೊಡದೆ ಇರಲಿಕ್ಕೆ ದೇವರಿಗೆ ದಾಕ್ಷಿಣ್ಯ ಆಗುತ್ತದೆ ಅಂತ ನನ್ನ ಲೆಕ್ಕ. ವಂದನೆ ಅಂತ ಕರೆದೆ, ಒಳಗೆ ಇದ್ದದ್ದು ಭಯ. ನಿನಗೆ ಏನಾದರೂ ಆದರೆ ಅಂತ ಭಯ. ಭಯ ಅಂತ ಹೇಳಲು ನಾಚಿಕೆಯಾಗಿ ಮೈಕಿನ ಎದುರು ಹೋಗಿ ವಂದನೆ ಅಂದೆ. ಆಮೇಲೆ ಮಗು ಹೋದಾಗ ಅದೇ ಮೈಕಿನ ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ, ಹೇಳುವ ಕೆಲಸವನ್ನು ನಿನ್ನ ತಲೆಗೆ ಕಟ್ಟಿದೆ. ತಪ್ಪಾಯಿತು, ಶೆರಿಲ್. ಅರ್ಧ ಅಲ್ಲ, ಪೂರ್ತಿ.

ಸ್ಟೋರಿನಲ್ಲಿ ನಾವು ಮಾಡುವುದು ಹೇಗೆ ಗೊತ್ತಾ? ನಲವತ್ತು ಪೆಟ್ಟಿಗೆ ಹಾಲು ಬರಬೇಕಾದಲ್ಲಿ ಇಪ್ಪತ್ತಾರು ಬಂತು ಅಂತಿಟ್ಟುಕೋ. ಲಾರಿಯನ್ನು ಹಿಂದೆ ಕಳಿಸುವುದಿಲ್ಲ. ನಲವತ್ತು ಅಂತ ಸಹಿ ಹಾಕುವುದೂ ಇಲ್ಲ. ಇಪ್ಪತ್ತಾರು ಅಂತ ಬರೆದು, ಬಂದಷ್ಟಕ್ಕೆ ಸಹಿ ಹಾಕುವುದು. ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ದೇವರ ಎದುರು ಮಾತ್ರ ನನಗೆ ನನ್ನ ಕೆಲಸ ಮರೆತುಹೋಯಿತು.

ಅಬ್ಬಾಸನಿಗೆ ರಂಜಾನ್ ಉಪವಾಸ, ಈಗ ಚಹಾ ಕೊಡಬೇಡ. ನಮಗೂ ಬುಧವಾರ ಹಣೆಗೆ ಬೂದಿ ಹಾಕಿ ಈಸ್ಟರಿನವರೆಗಿನ ತಪಸ್ಸುಕಾಲ ಶುರುವಾಯಿತು. ಪ್ರತಿ ವರ್ಷ ಮೀನು ಬಿಡುತ್ತಿದ್ದೆ. ಈ ವರ್ಷ ಇನ್ನೊಬ್ಬರ ಸುದ್ದಿ ಹೇಳುವುದನ್ನು ಬಿಟ್ಟಿದ್ದೇನೆ. ಮೀನೇ ಸುಲಭವಿತ್ತು. ನಿನ್ನೆ ಊಟಕ್ಕೆ ಕೂತಾಗ ನಾನು ಹತ್ತು ನಿಮಿಷ ಮಾತಾಡಲಿಲ್ಲ ಅಂತ ಮಮ್ಮಿ ಬಿಪಿ ನೋಡಿದಳು.

ಹಳೆಯ ಸೂಟ್‌ಕೇಸಿನಲ್ಲಿ ನಿನ್ನ ಕಾಗದಗಳು ಸಿಕ್ಕಿದವು. ನೆನಪಿದೆಯಾ, ರಾತ್ರಿ ಮನೆಯಲ್ಲಿ ಜಪಮಾಲೆ ಹಿಡಿದು ತೇರ್ಸ್ ಹೇಳಿ, ಹಿರಿಯರ ಕೈಯಿಂದ ಬೆಸಾಂವ್, ಆಶೀರ್ವಾದ ತೆಗೆದುಕೊಂಡ ಮೇಲೆ ಒಬ್ಬೊಬ್ಬರು ಆ ದಿನದ್ದು ಒಂದು ವಂದನೆ ಹೇಳಬೇಕಿತ್ತು. ನಾನು ಇಲ್ಲಿದ್ದ ಕಾರಣ ನಿನ್ನದನ್ನು ನನಗೆ ಬರೆದು ಕಳಿಸುತ್ತಿದ್ದೆ. ಎರಡನೇ ಕ್ಲಾಸಿನ ಒಂದು ಹೀಗಿದೆ: "ದೇವರೇ, ಇವತ್ತು ಗಣಿತದ ಟೀಚರಿಗೆ ಜ್ವರ ಬಂತು, ನಿನಗೆ ವಂದನೆ. ನಾಳೆ ವಾಸಿಯಾಗಲಿ, ಆದರೆ ಮಧ್ಯಾಹ್ನದ ಮೇಲೆ." ಇದು ಉಪದೇಶ ಅಲ್ಲ. ಸಿಕ್ಕಿತು, ಬರೆದೆ.

ಪಪ್ಪ


ಅಬುಧಾಬಿ
21 ಏಪ್ರಿಲ್ 2025

ಪ್ರೀತಿಯ ಪಪ್ಪಾ,

ಈಸ್ಟರಿಗೆ ಮಮ್ಮಿಯ ಕೈಯಲ್ಲಿ ನೀವು ಕಳಿಸಿದ ಸಾನ್ನಾ ಮುಟ್ಟಿತು. ಶರ್ವಿನ್ ಒಬ್ಬನೇ ಎಂಟು ತಿಂದ. ನಿಮ್ಮ ಮಾರ್ಚ್ ತಿಂಗಳ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ ಅಲ್ಲ. ಬರೆಯಬೇಕಾದ ಒಂದು ವಿಷಯವಿತ್ತು, ಅದಕ್ಕೆ ಕೈ ಬರಲಿಲ್ಲ.

ನನಗೆ ಈಗ ಹದಿಮೂರು ವಾರ.

ಮಮ್ಮಿಗೆ ಒಂದು ತಿಂಗಳಿಂದ ಗೊತ್ತು. ಶನಿವಾರ ಶನಿವಾರ ಅವರು ಇಲ್ಲಿಗೆ ಬರುತ್ತಿದ್ದದ್ದು ಅದಕ್ಕೇ. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿದ್ದೆ. ಅವರನ್ನು ಬೈಯಬೇಡಿ. ಈಗಲೂ ಹೇಳುವ ಮನಸ್ಸಿರಲಿಲ್ಲ. ತಪ್ಪಾಯಿತು ಅಂತ ನೀವು ಬರೆದದ್ದನ್ನು ಓದಿದ ಮೇಲೆ ಹೇಳದೆ ಇರುವುದು ಕಷ್ಟವಾಯಿತು.

ಷರತ್ತುಗಳಿವೆ. ಪೆಟ್ಟಿಗೆಗೆ ಏನೂ ಹಾಕುವಂತಿಲ್ಲ, ಬೇಡಿಕೆಯೂ ಬೇಡ, ವಂದನೆಯೂ ಬೇಡ. ಯಾರಿಗೂ ಹೇಳುವಂತಿಲ್ಲ. ನನ್ನನ್ನು ಕಂಡಾಗ ಹೊಟ್ಟೆ ನೋಡುವಂತಿಲ್ಲ. ದೇವರಿಗೂ ಹೇಳಬೇಡಿ. ಹೋದ ಸಲ ಹದಿನೇಳನೇ ವಾರದಲ್ಲಿ ಆದದ್ದು. ನಾನು ಈಗ ದಿನ ಎಣಿಸುತ್ತಿದ್ದೇನೆ, ಬೇರೆ ಏನನ್ನೂ ಮಾಡಲು ಆಗುತ್ತಿಲ್ಲ. ನಮ್ಮ ಲ್ಯಾಬಿನಲ್ಲಿ ನಾನು ರಕ್ತ ತೆಗೆಯುವಾಗ ರೋಗಿಗಳು ಹೆದರಿ ಬೇರೆ ಕಡೆ ನೋಡುತ್ತಾರಲ್ಲ, ನಾನು ಹಾಗೆ ಕ್ಯಾಲೆಂಡರಿನಿಂದ ಮುಖ ತಿರುಗಿಸಿ ಕೂತಿದ್ದೇನೆ.

ಶೆರಿಲ್


ಅಲ್ ನಹ್ದಾ
27 ಏಪ್ರಿಲ್ 2025

ಪ್ರೀತಿಯ ಶೆರಿಲ್,

ಅಬ್ಬಾಸ್ ಕಾಗದವನ್ನು ನಾನು ಕೆಲಸದಲ್ಲಿರುವಾಗಲೇ ತಂದುಕೊಟ್ಟ. ಅಕ್ಕಿಮೂಟೆಗಳ ಹಿಂದೆ ಹೋಗಿ ಓದಿದೆ. ಹೊರಗೆ ಬಂದಾಗ ಚೀಫ್ ಶೆಫ್ "ಪಾಯ್ಸ್, ಕಣ್ಣಿಗೆ ಏನಾಯಿತು" ಅಂದ. ಮೆಣಸಿನ ಚೀಲ ಒಡೆದಿದೆ ಅಂದೆ. ಅವನು ಹೋಗಿ ಮೆಣಸಿನ ಚೀಲಗಳನ್ನೆಲ್ಲ ನೋಡಿ ಬಂದ. ಆದರೂ ನಾನು ಹೇಳಲಿಲ್ಲ.

ಷರತ್ತು ಒಪ್ಪಿದ್ದೇನೆ. ಪೆಟ್ಟಿಗೆಗೆ ಹಾಕುವುದಿಲ್ಲ. ಯಾರಿಗೂ ಹೇಳುವುದಿಲ್ಲ. ಹೊಟ್ಟೆ ನೋಡುವುದಿಲ್ಲ, ನಿನ್ನ ಕಿವಿ ನೋಡಿ ಮಾತಾಡುತ್ತೇನೆ. ದೇವರ ವಿಷಯದಲ್ಲಿ ಮಾತ್ರ ಒಂದು ತೊಂದರೆ ಇದೆ. ಅವನಿಗೆ ಹೇಗೂ ಗೊತ್ತಿರುತ್ತದೆ. ಗೊತ್ತಿದ್ದವನ ಹತ್ತಿರ ಏನೂ ಹೇಳದೆ ಸುಮ್ಮನೆ ಕೂತುಕೊಳ್ಳಲು ನಿನ್ನ ಅಪ್ಪಣೆ ಬೇಕು. ಬೇಡ ಅಂದರೆ ಅದನ್ನೂ ಬಿಡುತ್ತೇನೆ.

ಬುಧವಾರ ಒಂದು ಫಜೀತಿ ಆಯಿತು. ಯಾರೋ ಬರೆದ ಬೇಡಿಕೆ, "ನನ್ನ ಮಗಳ ಹೆರಿಗೆ ಸುಸೂತ್ರವಾಗಲಿ" ಅಂತ. ಓದಿದೆ. ಜನ ಎಂದಿನ ಹಾಗೆ "ನಮ್ಮ ಪ್ರಾರ್ಥನೆ ಕೇಳು ಸ್ವಾಮಿ" ಅಂದರು. ನನಗೆ ಆ ಉತ್ತರ ಸೇರಿಸಲು ಮಾತು ಹೊರಡಲಿಲ್ಲ. ಸೇರಿಸಿದರೆ ನಿನ್ನ ಷರತ್ತು ಮುರಿದ ಹಾಗೆ ಆಗುತ್ತದಾ ಅಂತ ಯೋಚಿಸುತ್ತಾ ನಿಂತೆ. ಫಾದರ್ ಕೆಮ್ಮಿದರು. ಮುಂದಿನ ಚೀಟಿ ತೆಗೆದೆ.

ಮಮ್ಮಿಯನ್ನು ಬೈಯಲಿಲ್ಲ. ಮೂವತ್ತೊಂದು ವರ್ಷದ ಮೇಲೆ ಅವಳು ನನ್ನಿಂದ ಗುಟ್ಟು ಮುಚ್ಚಿಡಲು ಕಲಿತಳು, ಅದಕ್ಕೆ ಮೆಚ್ಚಬೇಕು.

ಪಪ್ಪ


ಅಲ್ ನಹ್ದಾ
25 ಮೇ 2025

ಪ್ರೀತಿಯ ಶೆರಿಲ್,

ಮಂಗಳವಾರ ನಿನಗೆ ರಕ್ತ ಹೋಗಿ ಆಸ್ಪತ್ರೆಗೆ ಸೇರಿಸಿದ್ದು ಶರ್ವಿನ್ ಮಮ್ಮಿಗೆ ಫೋನ್ ಮಾಡಿದಾಗ ತಿಳಿಯಿತು. ಪಪ್ಪ ಬರುವುದು ಬೇಡ ಅಂತ ನೀನು ಹೇಳಿದ್ದೂ ತಿಳಿಯಿತು. ಸರಿ. ಮಮ್ಮಿ ನಿನ್ನ ಹತ್ತಿರವೇ ಇರಲಿ, ಎಷ್ಟು ದಿನ ಬೇಕಾದರೂ.

ಇಲ್ಲಿ ನಾನೇ ಅಡುಗೆ. ಬಂಗುಡೆ ಸಾರು ಮಾಡಿದೆ, ಹುಣಸೆಹುಳಿ ಜಾಸ್ತಿಯಾಯಿತು. ಬಿಲ್ಡಿಂಗಿನ ಲಿಫ್ಟ್ ಎರಡು ದಿನ ಕೆಟ್ಟಿತ್ತು, ಈಗ ಸರಿಯಾಗಿದೆ. ಬಿಸಿಲು ಜೋರಾಗಿದೆ. ಬೇರೆ ವಿಶೇಷವಿಲ್ಲ.

ಪಪ್ಪ


ಅಬುಧಾಬಿ
5 ಜೂನ್ 2025

ಪ್ರೀತಿಯ ಪಪ್ಪಾ,

ಬೇರೆ ವಿಶೇಷವಿಲ್ಲ ಅಂತ ಬರೆದಿದ್ದೀರಿ. ಆ ಕಾಗದ ಕೊಡಲು ಬಂದ ಅಬ್ಬಾಸಣ್ಣ ಬಾಗಿಲಲ್ಲೇ ನಿಂತು ವಿಶೇಷ ಹೇಳಿದರು.

"ನಿಮ್ಮ ಪಪ್ಪ ಅವತ್ತು ನನ್ನೊಟ್ಟಿಗೆ ಬಂದಿದ್ರಲ್ಲ. ಆಸ್ಪತ್ರೆಯ ಪಾರ್ಕಿಂಗಲ್ಲಿ ವ್ಯಾನಿನ ಒಳಗೆ ನಾಲ್ಕು ಗಂಟೆ ಕೂತಿದ್ರು. ಮೇಲೆ ಹೋಗಿ ಅಂದೆ, 'ಕರೀಲಿಲ್ಲ ಮಾರಾಯ' ಅಂದ್ರು. ಒಂದು ಬನ್ನಾದ್ರೂ ತಿನ್ನಿ ಅಂದೆ, ಅದೂ ಇಲ್ಲ. ಆ ಮೇಲೆ ಶರ್ವಿನ್ ಕೆಳಗೆ ಬಂದು, 'ಈಗ ಪರವಾಗಿಲ್ಲ, ಮಲಗಿದ್ದಾಳೆ' ಅಂತ ಹೇಳಿದ. 'ಯಲ್ಲಾ, ಹೋಗುವ' ಅಂದ್ರು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಶರ್ವಿನ್ ಕೂಡ ಹೇಳಿರಲಿಲ್ಲ. ಕೇಳಿದರೆ, ನೀವು ಹೇಳಬಾರದು ಅಂದಿದ್ದಿರಂತೆ. ಈ ಮನೆಯಲ್ಲಿ ಎಲ್ಲರೂ ಗುಟ್ಟು ಇಡಲು ಕಲಿತಿದ್ದಾರೆ.

ನಾನು ಆ ನಾಲ್ಕು ಗಂಟೆ ಮೇಲೆ ಮಲಗಿ ಏನು ಯೋಚಿಸುತ್ತಿದ್ದೆ ಹೇಳಲಾ? ಪಪ್ಪ ಈಗ ಎಲ್ಲಾದರೂ ಮೊಣಕಾಲೂರಿ ಜೋರಾಗಿ ಪ್ರಾರ್ಥಿಸುತ್ತಿರಬಹುದು, ಎಲ್ಲರಿಗೂ ಗೊತ್ತಾಗಿರಬಹುದು, ಮತ್ತೆ ಎಲ್ಲರಿಗೂ ನಾನೇ ಹೇಳಬೇಕಾಗುತ್ತದೆ ಅಂತ. ನೀವು ಮೂರು ಮಹಡಿ ಕೆಳಗೆ ಸುಮ್ಮನೆ ಕೂತಿದ್ದಿರಿ. ಇದನ್ನು ತಿಳಿದ ಮೇಲೆ ನಾನು ಅತ್ತೆ. ಬಹಳ ದಿನದ ಮೇಲೆ ಚೆನ್ನಾಗಿ ಅತ್ತೆ.

ರಕ್ತ ಗುರುವಾರ ನಿಂತಿತು. ಮಗುವಿನ ಎದೆಬಡಿತ ಸರಿಯಾಗಿದೆ. ಮೂರು ವಾರ ಮಲಗಿಯೇ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ಇವತ್ತಿಗೆ ಹತ್ತೊಂಬತ್ತು ವಾರ, ಮೂರು ದಿನ.

ಅಬ್ಬಾಸಣ್ಣ ಇನ್ನೊಂದು ಹೇಳಿದರು. ಅವತ್ತು ಹಿಂದೆ ಹೋಗುವಾಗ ಹೈವೇಯಲ್ಲಿ ಟಯರ್ ಒಡೆಯಿತಂತೆ. ಅವರು ಇಳಿದು ನೋಡಿ "ಅಲ್‌ಹಮ್ದುಲಿಲ್ಲಾ" ಅಂದರಂತೆ. "ಟಯರ್ ಒಡೆದದ್ದಕ್ಕೆ ಯಾಕೆ ದೇವರಿಗೆ ಸ್ತುತಿ?" ಅಂತ ನಾನು ಕೇಳಿದೆ. "ಟಯರಿಗೆ ಹೇಳಿದ್ದಲ್ಲಮ್ಮ. ಅದು ಹೇಳದಿದ್ರೆ ಬಾಯಿಗೆ ಬೈಗುಳ ಬರ್ತದೆ. ಯಾವುದಾದ್ರೂ ಒಂದು ಬರ್ಲೇಬೇಕಲ್ಲ. ಮತ್ತೆ ನಿಮ್ಮ ಪಪ್ಪನೇ ಜಾಕ್ ಹಿಡಿದದ್ದು" ಅಂದರು. ನಗು ಬಂತು. ಹೊಟ್ಟೆ ಕುಲುಕಬಾರದು ಅಂತ ಮಮ್ಮಿ ಗದರಿದರು.

ಆ ವ್ಯಾನಿನಲ್ಲಿ ಕೂತು ನೀವು ಏನು ಹೇಳಿದಿರಿ ದೇವರಿಗೆ? ಹೇಳದೆ ಇದ್ದಿರಲಾರಿರಿ. ಷರತ್ತು ಮುರಿದದ್ದಕ್ಕೆ ಬೈಯುವುದಿಲ್ಲ, ತಿಳಿಯಬೇಕು ಅಷ್ಟೇ.

ನಿಮ್ಮ
ಶೆರಿಲ್


ಅಲ್ ನಹ್ದಾ
11 ಜೂನ್ 2025

ಪ್ರೀತಿಯ ಶೆರಿಲ್,

ಅಬ್ಬಾಸನ ಬಾಯಿಗೆ ಬೀಗ ಇಲ್ಲ. ನನಗೊಬ್ಬ ಜೊತೆಗಾರ ಸಿಕ್ಕಿದ.

ಕೇಳಿದ್ದೀ, ಹೇಳುತ್ತೇನೆ. ಅವಸರದಲ್ಲಿ ಜಪಮಾಲೆ ಮನೆಯಲ್ಲೇ ಉಳಿದಿತ್ತು. ವ್ಯಾನಿನಲ್ಲಿ ನನ್ನ ಪಕ್ಕಕ್ಕೆ ಬನ್ನಿನ ಟ್ರೇ. ನೋಡಿದೆ, ಒಂದು ಟ್ರೇಯಲ್ಲಿ ಐದು ಸಾಲು, ಸಾಲಿಗೆ ಹತ್ತು ಬನ್ನು, ಜಪಮಾಲೆಯ ಮಣಿಗಳ ಲೆಕ್ಕವೇ. ತೇರ್ಸ್ ಗೊತ್ತಿದ್ದವರು ಯಾರೋ ಆ ಟ್ರೇ ಮಾಡಿಸಿದ್ದಾರೆ. ಒಂದೊಂದು ಬನ್ನಿಗೆ ಒಂದೊಂದು ನಮೋ ಮರಿಯಾ ಹೇಳುತ್ತಾ ಹೋದೆ. ಅಬ್ಬಾಸ್ ತಿನ್ನಿ ಅಂದಾಗ ನಾನು ಮೂರನೇ ಸಾಲಿನಲ್ಲಿದ್ದೆ, ಹೇಗೆ ತಿನ್ನಲಿ? ಮಣಿ ತಿಂದ ಹಾಗೆ ಆಗುತ್ತದೆ.

ನಿನಗೆ ಅಂತ ಏನನ್ನೂ ಕೇಳಲಿಲ್ಲ. ಕೇಳಲು ಹೋದರೆ ಹೋದ ಸಲದ್ದು ನೆನಪಾಗಿ ದೇವರ ಹತ್ತಿರ ಜಗಳಕ್ಕೆ ನಿಲ್ಲುವ ಹಾಗಿತ್ತು. ಸಾಲು ಮುಗಿದಾಗಲೆಲ್ಲ ಒಂದೇ ಮಾತು ಹೇಳಿದೆ: ಈ ಹೊತ್ತಿಗೆ ಅವಳು ಮೇಲೆ ಇದ್ದಾಳೆ, ಮಗುವೂ ಇದೆ. ಬಂದಷ್ಟಕ್ಕೆ ಸಹಿ. ಮುಂದಿನ ಸಾಲಿಗೆ ಹೋದೆ. ನಾಲ್ಕು ಗಂಟೆಯಲ್ಲಿ ಏಳು ಟ್ರೇ ಮುಗಿಸಿದೆ.

ಸತ್ಯ ಹೇಳಬೇಕಾದರೆ, ಮೈಕಿನ ಎದುರು ಇಷ್ಟು ವರ್ಷ ಹೇಳಿದ ವಂದನೆಗಳಲ್ಲಿ ನನಗೆ ಇಷ್ಟು ಸಮಾಧಾನ ಸಿಕ್ಕಿರಲಿಲ್ಲ. ಆಮೇಲೆ ಟಯರ್ ಒಡೆದಾಗ ಖುಷಿಯಾಯಿತು ಅಂದರೆ ನೀನು ನಂಬುವುದಿಲ್ಲ. ಬಿಸಿಲಲ್ಲಿ ಬೆವರು ಸುರಿಸುತ್ತಾ ಜಾಕ್ ಹಿಡಿದು ಕೂತವನಿಗೆ ನಗು ತಡೆಯಲಾಗಲಿಲ್ಲ. ನೀನು ಮಲಗಿದ್ದೀ, ಪರವಾಗಿಲ್ಲ ಅಂತ ಶರ್ವಿನ್ ಹೇಳಿದ್ದೇ ಕಿವಿಯಲ್ಲಿತ್ತು. ಅಬ್ಬಾಸ್ ನನಗೆ ಬಿಸಿಲು ತಾಗಿದೆ ಅಂತ ತಲೆಗೆ ನೀರು ಹೊಯ್ದ.

ಮಲಗಿಯೇ ಇರು.

ಪಪ್ಪ


ಬುಧವಾರ, 23 ಜುಲೈ 2025

ಪೆಟ್ಟಿಗೆಗೆ,

ಇದು ವಂದನೆಯ ಚೀಟಿ. ಇವತ್ತಿನ ಮಟ್ಟಿಗೆ ಮಾತ್ರ ಬರೆಯುತ್ತಿದ್ದೇನೆ. ನಾಳೆಯದ್ದು ನನಗೆ ಗೊತ್ತಿಲ್ಲ.

ಕೇಳುವವರಲ್ಲಿ ಒಂದು ವಿನಂತಿ. ಓದಿ ಮುಗಿಸಿದ ಮೇಲೆ ಚಪ್ಪಾಳೆ ಬೇಡ. "ದೇವ್ ಬರೆಂ ಕರುಂ" ಅಂದರೆ ಸಾಕು. ದೇವರು ಒಳ್ಳೆಯದು ಮಾಡಲಿ ಅಂತ ಮನೆಯಲ್ಲಿ ಹೇಳುವ ಹಾಗೆ, ಮೆಲ್ಲಗೆ.

ಇವತ್ತು ಬೆಳಿಗ್ಗೆ ಏಳುವಾಗ ಶಿಲುಬೆಯ ಗುರುತು ಹಾಕಲು ಹಣೆಗೆ ಹೋದ ಕೈ ಹಣೆಯಲ್ಲಿ ನಿಲ್ಲಲಿಲ್ಲ, ಎದೆಗೂ ಎರಡು ಭುಜಕ್ಕೂ ಹೋಯಿತು. ಅದಕ್ಕೆ ವಂದನೆ.

ಗಂಡ ಮಾಡಿದ ಗಂಜಿ ತಳ ಹಿಡಿದಿತ್ತು, ಹೊಟ್ಟೆಯಲ್ಲಿ ಉಳಿಯಿತು. ವಂದನೆ.

ನಾನು ಕೆಲಸಕ್ಕೆ ಮರಳಿ ಎರಡು ವಾರವಾಯಿತು. ಇವತ್ತು ಒಬ್ಬ ದೊಡ್ಡ ಆಳು ರಕ್ತ ಕೊಡಲು ಹೆದರಿ ಕಣ್ಣು ಮುಚ್ಚಿ ಕೂತಿದ್ದರು. ಸೂಜಿ ಹಾಕುವ ಹೊತ್ತಿಗೆ ಸರಿಯಾಗಿ ನನ್ನ ಹೊಟ್ಟೆಯೊಳಗಿನಿಂದ ಒಂದು ಒದೆ ಬಿತ್ತು. ನಾನು ನಕ್ಕೆ. ಅವರು "ಆಯ್ತಾ?" ಅಂತ ಕೇಳಿದರು. "ಆಯ್ತು" ಅಂದೆ. ವಂದನೆ.

ಕಪಾಟಿನಲ್ಲಿ ಒಂದು ಹಳದಿ ಉಲ್ಲನ್ ಟೋಪಿ ಇತ್ತು. ಬಹಳ ದಿನ ಅದನ್ನು ನೋಡುವ ಧೈರ್ಯವಿರಲಿಲ್ಲ. ಇವತ್ತು ತೆಗೆದು ತೊಳೆಯಲು ನೆನೆಸಿದ್ದೇನೆ. ಹೆಣೆದವರಿಗೂ ದೇವರಿಗೂ ವಂದನೆ.

ಒಬ್ಬರು ಕರೆಯದಿದ್ದರೂ ಬಂದು, ಕರೆಯುವವರೆಗೆ ಮೇಲೆ ಬಾರದೆ, ಕೆಳಗೆ ಕೂತು ಹೋದರು. ಅವರಿಗಾಗಿ ವಂದನೆ.

ಬಂದಷ್ಟಕ್ಕೆ ಸಹಿ ಹಾಕಿದ್ದೇನೆ.

ನಿಮ್ಮಲ್ಲಿ ಒಬ್ಬಳು


ಅಲ್ ನಹ್ದಾ
24 ಜುಲೈ 2025

ಪ್ರೀತಿಯ ಶೆರಿಲ್,

ನಿನ್ನೆ ಆರೂವರೆಗೆ ಫಾದರ್ ಚೀಟಿಗಳನ್ನು ನನ್ನ ಕೈಗೆ ಕೊಟ್ಟರು. ಬೇಡಿಕೆ ಹದಿನೇಳು, ವಂದನೆ ಎರಡು. ಎರಡನೆಯದರ ಅಕ್ಷರ ನೋಡಿದೆ. ಎರಡನೇ ಕ್ಲಾಸಿನಿಂದ ಗೊತ್ತಿರುವ ಅಕ್ಷರ. ಅಬುಧಾಬಿಯಿಂದ ಬಂದ ಅಬ್ಬಾಸ್ ನಿನ್ನೆ ಮಮ್ಮಿಯ ಕೈಗೆ ಏನು ಕೊಟ್ಟ, ಅವಳು ಯಾಕೆ ಎಂದೂ ಇಲ್ಲದವಳು ನನಗಿಂತ ಮೊದಲು ಚರ್ಚಿಗೆ ಹೊರಟಳು ಅಂತ ಆಗ ಅರ್ಥವಾಯಿತು. ಇನ್ನೊಬ್ಬರ ಕೈಗೆ ಕೊಟ್ಟು ಓದಿಸಲಾ ಅಂತ ಒಂದು ಕ್ಷಣ ಯೋಚನೆ ಬಂತು. ನೀನು ಪೆಟ್ಟಿಗೆಗೆ ಹಾಕಿಸಿದ್ದೀ ಅಂದರೆ ನಾನು ಓದಲಿ ಅಂತಲೇ ಅಂದುಕೊಂಡು ಕೊನೆಗೆ ಇಟ್ಟುಕೊಂಡೆ.

ಓದಿದೆ. ಅವಸರ ಮಾಡಲಿಲ್ಲ. ಗಂಜಿಯ ಹತ್ತಿರ ಬಂದಾಗ ಕೆಲವರು ನಕ್ಕರು. ಟೋಪಿಯ ಹತ್ತಿರ ಬಂದಾಗ ಮುಂದಿನ ಬೆಂಚಿನಲ್ಲಿ ರೊಸಲಿನ್ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕೆಳಗೆ ಕೂತವರ ಸಾಲನ್ನು ಓದುವಾಗ ಮೈಕ್ ಸರಿಮಾಡುವ ಹಾಗೆ ಮಾಡಿದೆ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಒಟ್ಟಿಗೆ ಮೆಲ್ಲಗೆ "ದೇವ್ ಬರೆಂ ಕರುಂ" ಅಂದರು. ನಾನೂ ಅಂದೆ. ಈ ಸಲ ನನಗೆ ಮಾತು ಹೊರಟಿತು.

ಹೊರಗೆ ಬಂದ ಮೇಲೆ ಇಬ್ಬರು ಮೂವರು ಕೇಳಿದರು, ಯಾರ ಚೀಟಿ ಅದು ಅಂತ. "ಪೆಟ್ಟಿಗೆಯದು" ಅಂದೆ. ನನ್ನ ಮುಖ ನೋಡಿದರು. ಮುಖವನ್ನು ಆದಷ್ಟು ಅಕ್ಕಿಮೂಟೆಯ ಹಾಗೆ ಇಟ್ಟುಕೊಂಡೆ. ಒಳಗೆ ಎಷ್ಟು ಸಂತೋಷವಾಗುತ್ತಿತ್ತು ಅಂದರೆ, ಶೆರಿಲ್, ಹೇಳದೆ ಇಟ್ಟುಕೊಂಡ ಸಂತೋಷ ಇಷ್ಟು ದಿನ ಬಾಳುತ್ತದೆ ಅಂತ ನನಗೆ ಈ ವಯಸ್ಸಿನವರೆಗೆ ಗೊತ್ತೇ ಇರಲಿಲ್ಲ.

ರೊಸಲಿನ್ ಎಲ್ಲರೂ ಹೋಗುವವರೆಗೆ ಕಾದು ನಿಂತಿದ್ದಳು. ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. "ವಿಕ್ಟರ್, ಆ ಚೀಟಿ ಬರೆದವರಿಗೆ ಒಂದು ಹೇಳಿ" ಅಂದಳು.

"ಬರೆದವರು ಯಾರಂತ ನನಗೆ ಹೇಗೆ ಗೊತ್ತು, ಪೆಟ್ಟಿಗೆಯಲ್ಲಿ ಇತ್ತು" ಅಂದೆ.

"ಹೌದು, ನನಗೂ ಗೊತ್ತಿಲ್ಲ. ಆದ್ರೂ ಹೇಳಿ. ಉಲ್ಲನ್ ತೊಳೆದ ಮೇಲೆ ಹಿಂಡ್ಬಾರ್ದು. ಟವೆಲಲ್ಲಿ ಸುತ್ತಿ ಒತ್ತಿ ನೀರು ತೆಗೀಬೇಕು, ನೆರಳಲ್ಲಿ ಒಣಗಿಸ್ಬೇಕು. ಇಲ್ಲದಿದ್ರೆ ಆಕಾರ ಹೋಗ್ತದೆ" ಅಂದಳು. ಕನ್ನಡಕ ಹಾಕಿಕೊಂಡು ಬಸ್ಸಿಗೆ ಹೋದಳು.

ಅದನ್ನು ತಿಳಿಸಲು ಬರೆದೆ. ಹಿಂಡಬೇಡ.

ಪಪ್ಪ